ಹಳೇ 1300ಡಿ ಕ್ಯಾಮೆರಾ, ಕಿಟ್ ಲೆನ್ಸ್, ರಾತ್ರಿ ಯಕ್ಷಗಾನದ ಆಟ. ಕೈಯಲ್ಲಿ ಎಂಟು ಸಾವಿರ ಇದೆ, ಏನು ತಗೊಳ್ಳಲಿ?

ಶರಾವತಿ_ದಂಡೆ | ನವೆಂಬರ್ 19, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೀತಿದ್ದೇನೆ. ಊರು ಹೊನ್ನಾವರ ತಾಲೂಕಿನ ಒಂದು ಹಳ್ಳಿ, ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ದೀಪಾವಳಿಗೆ ಮುಂಚೆ ಚಿಕ್ಕಪ್ಪನ ಮಗನಿಂದ ಅವನ ಕ್ಯಾನನ್ 1300ಡಿ ತಗೊಂಡೆ. ಜೊತೆಗೆ ಕಂಪನಿಯವರೇ ಕ್ಯಾಮೆರಾ ಜೊತೆ ಕೊಡುವ 18-55 ಕಿಟ್ ಲೆನ್ಸು, ಬ್ಯಾಗು, ಎರಡು ಬ್ಯಾಟರಿ. ಹನ್ನೊಂದು ಸಾವಿರ ಕೊಟ್ಟೆ.

ನನಗೆ ತೆಗೆಯಬೇಕಾದದ್ದು ಯಕ್ಷಗಾನ ಮಾತ್ರ. ಚಿಕ್ಕಂದಿನಲ್ಲಿ ಅಜ್ಜನ ಹಿಂದೆ ಚಾಪೆ ಹೊತ್ತುಕೊಂಡು ಹೋಗಿ, ಬೆಳಗಿನ ತನಕ ಆಟ ನೋಡಿ ಬೆಳೆದವನು. ಆ ವೇಷಗಳನ್ನು ನಾನು ಕಂಡ ಹಾಗೆ ಹಿಡಿಯಬೇಕು ಅನ್ನುವುದು ಬಹಳ ವರ್ಷದ ಆಸೆ.

ಕಳೆದ ಶನಿವಾರ ಪಕ್ಕದ ಊರಲ್ಲಿ ಆಟ ಇತ್ತು. ಮುಂದಿನ ಸಾಲಲ್ಲಿ ಕೂತು, ಕ್ಯಾಮೆರಾವನ್ನು ಹಸಿರು ಚೌಕದ ಆಟೋ ಮೋಡಲ್ಲಿಟ್ಟು ಬಟನ್ ಒತ್ತಿದೆ. ಫ್ಲ್ಯಾಶ್ ತಾನಾಗಿ ಮೇಲೆದ್ದು ಫೋಟೊ ತೆಗೆಯುವ ಮುಂಚೆಯೇ ನಾಲ್ಕೈದು ಸಲ ಟಪಟಪ ಮಿಂಚಿತು. ಕುಣಿಯುತ್ತಿದ್ದ ಕಲಾವಿದರು ಕಣ್ಣು ಮುಚ್ಚಿ ಮುಖ ತಿರುಗಿಸಿದ್ದು ಕಂಡಿತು. ಹಿಂದೆ ಕೂತಿದ್ದ ಹಿರಿಯರೊಬ್ಬರು ಭುಜ ಮುಟ್ಟಿ, "ತಮಾ, ಅದನ್ನ ಬಂದ್ ಮಾಡು" ಅಂದರು. ರಾತ್ರಿಯಿಡೀ ಅದೇ ಮನಸ್ಸಲ್ಲಿ ಉಳಿಯಿತು.

ಆಮೇಲೆ ಫ್ಲ್ಯಾಶ್ ಇಲ್ಲದ ಮೋಡಲ್ಲಿ ಇನ್ನೂರು ಫೋಟೊ ತೆಗೆದೆ. ಹೆಚ್ಚುಕಡಿಮೆ ಎಲ್ಲವೂ ಅಲುಗಿವೆ. ಕಂಪ್ಯೂಟರಿಗೆ ಹಾಕಿ ನೋಡಿದರೆ 55 ಎಂಎಂ, ಎಫ್/5.6, 1/30, ಐಎಸ್ಓ 3200 ಅಂತಿದೆ. ಮುಖ ಬೆಳ್ಳಗೆ ಸುಣ್ಣ ಬಳಿದ ಹಾಗೆ, ಹಿಂದಿನ ಪರದೆ ಮಾತ್ರ ಚೆನ್ನಾಗಿ ಬಂದಿದೆ.

ಸಂಕ್ರಾಂತಿ ಒಳಗೆ ಎಂಟು ಸಾವಿರ ಹೊಂದಿಸಬಹುದು, ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಟ್ರೈಪಾಡ್ ತಗೊಳ್ಳಲಾ, 70-300 ಜೂಮ್ ತಗೊಳ್ಳಲಾ, ಇದನ್ನು ಮಾರಿ ಬೇರೆ ನೋಡಲಾ?

ಹೊಸ_ನೋಟ | ನವೆಂಬರ್ 19, ರಾತ್ರಿ 11:15

ಮೈಸೂರಿಂದ ನಮಸ್ಕಾರ. ನನ್ನ ಸಲಹೆ ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 1300ಡಿ ಬಂದಿದ್ದು 2016ರಲ್ಲಿ. ಅದನ್ನ ಮಾರಿಬಿಡಿ, ಆರು ತಿಂಗಳು ಕಾದು ಕಂತಿನಲ್ಲಾದರೂ ಕ್ಯಾನನ್ ಆರ್50 ಕ್ಯಾಮೆರಾ ತಗೊಳ್ಳಿ. ಅದು ಕಣ್ಣನ್ನ ತಾನೇ ಹುಡುಕಿ ಫೋಕಸ್ ಮಾಡುತ್ತೆ. ಕತ್ತಲಲ್ಲಿ ಕುಣಿಯೋ ಜನರನ್ನ ಹಿಡಿಯೋಕೆ ಆ ವ್ಯತ್ಯಾಸ ಸಣ್ಣದಲ್ಲ.

ಬೆಳಕಿಂಡಿ | ನವೆಂಬರ್ 20, ಬೆಳಿಗ್ಗೆ 6:05

ಶರಾವತಿಯವರೇ, ಮಾರಬೇಡಿ. ನಾನು ಬೆಂಗಳೂರಿನವನು, ಈಗ ಅರವತ್ತೆಂಟು. 36 ಫ್ರೇಮಿನ ರೋಲ್ ಹಾಕಿ ನಾಟಕ, ನೃತ್ಯ ತೆಗೆದು ಕಲಿತವನು. ನಿಮ್ಮ ಫೋಟೊ ಯಾಕೆ ಅಲುಗಿತು ಅಂತ ಮೊದಲು ಲೆಕ್ಕ ಹಾಕೋಣ. ನಿಮಗೆ ಲೆಕ್ಕ ಬರೆದು ಅಭ್ಯಾಸವಿದೆ, ಬೇಗ ಹಿಡಿಯುತ್ತೀರಿ.

ಎಫ್ ಸಂಖ್ಯೆ ಅಂದರೆ ಲೆನ್ಸಿನ ಕಿಟಕಿ ಎಷ್ಟು ತೆರೆದಿದೆ ಅನ್ನುವ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ಕಿಟಕಿ ದೊಡ್ಡದು. 5.6ರಿಂದ 4ಕ್ಕೆ ಬಂದರೆ ಬೆಳಕು ಎರಡರಷ್ಟು, 4ರಿಂದ 2.8ಕ್ಕೆ ಮತ್ತೆ ಎರಡರಷ್ಟು, 2.8ರಿಂದ 2ಕ್ಕೆ ಇನ್ನೊಮ್ಮೆ ಎರಡರಷ್ಟು. ಒಟ್ಟು ಎಂಟು ಪಟ್ಟು. ಅದೇ ರಂಗಸ್ಥಳ, ಅದೇ ದೀಪ, ಅದೇ ಐಎಸ್ಓ 3200 (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಅಳತೆ). ನಿಮಗೆ 1/30 ಸೆಕೆಂಡಿನ ಶಟರ್ (ಬೆಳಕು ಒಳಬಿಡುವ ಹೊತ್ತು) ಸಿಕ್ಕಲ್ಲಿ ಎಫ್/2 ಇದ್ದಿದ್ದರೆ 1/250 ಸಿಗುತ್ತಿತ್ತು. 1/30ರಲ್ಲಿ ಎತ್ತಿದ ಕೈ ಹೊಗೆಯ ಹಾಗೆ ಕಾಣುತ್ತದೆ, 1/250ರಲ್ಲಿ ಬೆರಳು ಎಣಿಸಬಹುದು.

ಟ್ರೈಪಾಡ್ ನಿಮ್ಮ ಕೈ ನಡುಗುವುದನ್ನು ನಿಲ್ಲಿಸುತ್ತದೆ, ಕುಣಿಯುವವರನ್ನು ನಿಲ್ಲಿಸುವುದಿಲ್ಲ. ಕಡಿಮೆ ಬೆಲೆಯ 70-300 ಉದ್ದಕ್ಕೆ ಎಳೆದಾಗ ಎಫ್/5.6ಕ್ಕೇ ಬಂದು ನಿಲ್ಲುತ್ತದೆ, ಆಟಕ್ಕೆ ಪ್ರಯೋಜನವಿಲ್ಲ. ನಿಮಗೆ ಬೇಕಾದದ್ದು ಕ್ಯಾನನ್ 50 ಎಂಎಂ ಎಫ್/1.8. ಎಸ್‌ಟಿಎಂ ಅಂತ ಬರೆದಿರುವುದು 2015ರದ್ದು, ಅದರ ಬುಡ ಲೋಹದ್ದು, ಫೋಕಸ್ ಸದ್ದು ಕಡಿಮೆ. ಅದಕ್ಕಿಂತ ಹಳೆಯದು 1990ರ ಎರಡನೇ ಆವೃತ್ತಿ, ಪ್ಲಾಸ್ಟಿಕ್ಕಿನದು, ಫೋಕಸ್ ಆಗುವಾಗ ಗೊರಗೊರ ಅನ್ನುತ್ತದೆ. ಎರಡೂ ನಿಮ್ಮ ಕ್ಯಾಮೆರಾಕ್ಕೆ ಹೊಂದುತ್ತವೆ. ನಾನಾದರೆ ಎಸ್‌ಟಿಎಂ ಹುಡುಕುತ್ತೇನೆ.

ಇದರಲ್ಲಿ ಜೂಮ್ ಇಲ್ಲ ಅಂತ ಹೆದರಬೇಡಿ. ನಿಮ್ಮ ಕ್ಯಾಮೆರಾದ ಸೆನ್ಸರ್ ಲೆಕ್ಕದಲ್ಲಿ, ಆರು ಮೀಟರ್ ದೂರದಿಂದ ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದರೆ ಸುಮಾರು 2.7 ಮೀಟರ್ ಎತ್ತರ ಚೌಕಟ್ಟಿನೊಳಗೆ ಬರುತ್ತದೆ. ಕಿರೀಟ ಕಟ್ಟಿದ ವೇಷ ಗೆಜ್ಜೆಯಿಂದ ತುದಿಯವರೆಗೆ ಕೂರುತ್ತದೆ. ಎಲ್ಲಿ ಕೂರಬೇಕು ಅನ್ನುವುದನ್ನು ಆಟ ಶುರುವಾಗುವ ಮುಂಚೆಯೇ ಹೆಜ್ಜೆ ಎಣಿಸಿ ನೋಡಿಕೊಳ್ಳಿ.

ಹೊಸ_ನೋಟ ಅವರಿಗೆ ಒಂದು ಮಾತು. ಆರ್50 ಒಳ್ಳೆಯ ಕ್ಯಾಮೆರಾ, ಒಪ್ಪುತ್ತೇನೆ. ಆದರೆ ಅದರ ಜೊತೆ ಬರುವ 18-45 ಲೆನ್ಸ್ ಉದ್ದಕ್ಕೆ ಎಳೆದಾಗ ಎಫ್/6.3. ಈಗಿರುವ ಹಳೇ ಕಿಟ್ ಲೆನ್ಸಿಗಿಂತಲೂ ಕಡಿಮೆ ಬೆಳಕು. ಐವತ್ತು ಸಾವಿರದ ಮೇಲೆ ಕೊಟ್ಟು, ಮತ್ತೆ ಲೆನ್ಸಿಗೆ ಬೇರೆ ದುಡ್ಡು ಹುಡುಕಬೇಕು.

ಹೊಸ_ನೋಟ | ನವೆಂಬರ್ 20, ಬೆಳಿಗ್ಗೆ 8:30

ಸರ್, 6.3 ವಿಷಯ ನಾನು ಯೋಚನೆ ಮಾಡಿರಲಿಲ್ಲ. ಹೊಸದು ಐಎಸ್ಓ 6400ರಲ್ಲಿ ಇದಕ್ಕಿಂತ ಚೆನ್ನಾಗಿರುತ್ತೆ ಅನ್ನೋ ಮಾತು ಬಿಡಲ್ಲ, ಆದರೆ ಎಂಟು ಸಾವಿರದಲ್ಲಿ ಆಗಬೇಕು ಅಂದರೆ 50 ಎಂಎಂ ಸರಿ.

ಕಡಲಕರೆ | ನವೆಂಬರ್ 20, ಮಧ್ಯಾಹ್ನ 1:20

ನಾನು ಪುತ್ತೂರು ಕಡೆಯವ. ಯಕ್ಷಗಾನದ ಎರಡು ಶೈಲಿಯಲ್ಲಿ ನಮ್ಮಲ್ಲಿ ತೆಂಕುತಿಟ್ಟು, ನಿಮ್ಮದು ಬಡಗು. ಆದರೆ ಕತ್ತಲೆ ಎರಡಕ್ಕೂ ಒಂದೇ ಮಾರಾಯ್ರೆ. ಹತ್ತು ವರ್ಷದಿಂದ ಆಟದ ಫೋಟೊ ತೆಗೀತಾ ಇದ್ದೇನೆ, ಐದು ವರ್ಷ ತೆಗೆದದ್ದು 1200ಡಿಯಲ್ಲೇ.

ಮೊದಲು ಆ ಫ್ಲ್ಯಾಶ್ ಸಂಗತಿ. ಅದು ಟಪಟಪ ಮಿಂಚಿದ್ದು ಫೋಟೊಕ್ಕಲ್ಲ, ಕತ್ತಲಲ್ಲಿ ಫೋಕಸ್ ಸಿಗದೆ ಕ್ಯಾಮೆರಾ ತಾನೇ ಬೆಳಕು ಬಿಟ್ಟದ್ದು. ಈ ಸಣ್ಣ ಕ್ಯಾನನ್‌ಗಳಲ್ಲಿ ಅದಕ್ಕೆ ಬೇರೆ ದೀಪ ಇಲ್ಲ, ಫ್ಲ್ಯಾಶನ್ನೇ ಬಳಸುತ್ತದೆ. ಹಸಿರು ಚೌಕಕ್ಕೆ ಇನ್ನು ಹೋಗ್ಬೇಡಿ. ಡಯಲನ್ನು ಎಂ ಗೆ (ಎಲ್ಲವನ್ನೂ ನಾವೇ ಹೊಂದಿಸುವ ಮೋಡ್) ಇಟ್ಟರೆ ಫ್ಲ್ಯಾಶ್ ತಾನಾಗಿ ಏಳುವುದಿಲ್ಲ. ಮೆನುವಿನ ಕಸ್ಟಮ್ ಫಂಕ್ಷನ್ ಒಳಗೆ ಎಎಫ್ ಅಸಿಸ್ಟ್ ಬೀಮ್ ಅಂತ ಉಂಟು, ಅದನ್ನೂ ಬಂದ್ ಮಾಡಿ. ಬೀಪ್ ಬಂದ್, ತೆಗೆದ ಕೂಡಲೇ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಫೋಟೊ ಬರುವುದೂ ಬಂದ್. ನಿಮ್ಮ ಹಿಂದೆ ಕೂತ ಅಜ್ಜಿಗೆ ಆ ಪರದೆಯ ಬೆಳಕು ಕಣ್ಣಿಗೆ ಹೊಡೆಯುತ್ತದೆ.

ಎಂ ಮೋಡಲ್ಲಿ ಶಟರ್ ಬದಲಿಸಲು ಮೇಲಿನ ಚಕ್ರ ತಿರುಗಿಸಿದರೆ ಆಯಿತು. ಎಫ್ ಸಂಖ್ಯೆ ಬದಲಿಸಲು ಹಿಂದಿನ ಎವಿ ಬಟನನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಅದೇ ಚಕ್ರ ತಿರುಗಿಸಬೇಕು. ಮನೆಯಲ್ಲಿ ಲೈಟ್ ಆರಿಸಿ ಕೂತು ಇದನ್ನು ಕೈಗೆ ರೂಢಿ ಮಾಡಿಕೊಳ್ಳಿ. ಆಟದ ನಡುವೆ ಮೊಬೈಲ್ ಟಾರ್ಚ್ ಹಾಕಿ ಬಟನ್ ಹುಡುಕುವ ಹಾಗೆ ಆಗಬಾರದು.

ಮುಖ ಸುಣ್ಣದ ಹಾಗೆ ಬಂತು ಅಂದಿರಲ್ಲ, ಅದಕ್ಕೂ ಕಾರಣ ಉಂಟು. ಹಿಂದೆ ಕಪ್ಪು ಪರದೆ ಇದ್ದರೆ ಕ್ಯಾಮೆರಾ ಇಡೀ ಚೌಕಟ್ಟನ್ನು ನೋಡಿ, ಕತ್ತಲೆ ಜಾಸ್ತಿ ಅಂತ ತಿಳಿದು, ಬೆಳಕು ಏರಿಸಿಬಿಡುತ್ತದೆ. ನಡುವೆ ನಿಂತ ಮುಖ ಸುಟ್ಟುಹೋಗುತ್ತದೆ. ಒಂದು ಸಲ ಮುಖಕ್ಕೆ ಸರಿಯಾಗಿ ಎಂ ನಲ್ಲಿ ಇಟ್ಟುಕೊಂಡರೆ, ರಂಗಸ್ಥಳದ ದೀಪ ಬದಲಾಗದಿದ್ದರೆ, ಇಡೀ ಪ್ರಸಂಗ ಅದರಲ್ಲೇ ತೆಗೆಯಬಹುದು. ಅಳೆಯಲು ಪಾರ್ಶಿಯಲ್ ಮೀಟರಿಂಗ್ ಬಳಸಿ, ಅದು ಚೌಕಟ್ಟಿನ ನಡುಭಾಗದ ಬೆಳಕನ್ನು ಮಾತ್ರ ನೋಡುತ್ತದೆ.

ಇನ್ನೊಂದು, ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಈಗ ಎಲ್ಲ ಕಡೆ ಎಲ್‌ಇಡಿ. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, 1/250ರಲ್ಲಿ ಫೋಟೊದ ಮೇಲೆ ಅಡ್ಡಪಟ್ಟಿ ಬಿದ್ದು ಗೊತ್ತಾಗುತ್ತದೆ. ಹಾಗೆ ಕಂಡರೆ 1/100ಕ್ಕೆ ಇಳಿಸಿ. 1/100ರಲ್ಲಿ ಕುಣಿತ ಹಿಡಿಯುವುದು ಹೇಗೆ ಅಂತ ಕೇಳಿದರೆ, ನಮ್ಮ ಕಡೆ ಧಿಗಿಣ (ಸುತ್ತುತ್ತಾ ಜಿಗಿಯುವ ಕುಣಿತ) ಹಾರುವಾಗ ಎತ್ತರದ ತುದಿಯಲ್ಲಿ ಮೈ ಒಂದು ಗಳಿಗೆ ಮೇಲೂ ಇಲ್ಲ ಕೆಳಗೂ ಇಲ್ಲ. ಅಲ್ಲಿ ಒತ್ತಬೇಕು.

ಕಡೆಯದು ಚೌಕಿ, ಕಲಾವಿದರು ವೇಷ ಕಟ್ಟುವ ಜಾಗ. ಅಲ್ಲಿಗೆ ಖಂಡಿತ ಹೋಗಿ, ಬಣ್ಣ ಹಚ್ಚುವಾಗ ಕಲಾವಿದರು ಕೂತಲ್ಲಿಂದ ಅಲುಗುವುದಿಲ್ಲ, ದೀಪ ಮುಖದ ಹತ್ತಿರ ಇರುತ್ತದೆ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಆದರೆ ಚಪ್ಪಲಿ ಹೊರಗೆ. ಒಳಗೆ ಗಣಪತಿ ಇರುತ್ತಾನೆ, ಚೌಕಿ ಪೂಜೆ ಆಗುತ್ತದೆ. ಕೇಳದೆ ಯಾರ ಮುಖಕ್ಕೂ ಕ್ಯಾಮೆರಾ ಹಿಡಿಯಬೇಡಿ. ಬಟ್ಟೆ ಕಟ್ಟುವಾಗ ಬೇಡವೇ ಬೇಡ.

ಉಣಕಲ್_ದಂಡಿ | ನವೆಂಬರ್ 21, ಸಂಜೆ 7:10

ಹುಬ್ಬಳ್ಳಿಯಿಂದ ನಮಸ್ಕಾರ್ರಿ. ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳ್ಳೂ ಮುಂದ ಇಷ್ಟು ನೋಡ್ರಿ. ನಾ ಒಮ್ಮೆ ಮೋಸ ಹೋಗೇನಿ, ಅದಕ್ಕ ಹೇಳಾಕತ್ತೇನಿ. ಅಂಗಡಿಯಾಂವ ಹೊರಗಿನ ಗಾಜು ಒರೆಸಿ ಥಳಥಳ ಮಾಡಿ ಕೊಟ್ಟಿದ್ದ. ಮನಿಗೆ ತಂದು ರಾತ್ರಿ ಟಾರ್ಚ್ ಬಿಟ್ಟು ನೋಡಿದ್ರ, ಒಳಗ ಜೇಡರ ಬಲಿ ಹಂಗ ಎಳಿ ಎಳಿ. ಫಂಗಸ್. ಆರು ಸಾವಿರ ನೀರಾಗ ಹೋತು.

ಹಿಂದಿನ ಮುಚ್ಚಳ ತಗದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು, ಇನ್ನೊಂದು ಕಡೆಯಿಂದ ಸ್ವಲ್ಪ ಓರೆಯಾಗಿ ನೋಡ್ರಿ. ಒಂದೆರಡು ಧೂಳಿನ ಕಣ ಇದ್ರ ಪರವಾಗಿಲ್ಲ. ಎಳಿ ಕಂಡ್ರ, ಮಬ್ಬು ಕಂಡ್ರ, ನಮಸ್ಕಾರ ಹೇಳಿ ಬಂದುಬಿಡ್ರಿ. ನಿಮ್ಮ ಕ್ಯಾಮೆರಾ ಜೋಡಿ ಒಯ್ದು ಹಾಕಿ, ಹತ್ತಿರದ್ದು ದೂರದ್ದು ಎರಡಕ್ಕೂ ಫೋಕಸ್ ಆಗತೈತೇನು ನೋಡ್ರಿ. ಎಫ್/1.8ಕ್ಕೂ ಎಫ್/11ಕ್ಕೂ ಒಂದೊಂದು ತಗೀರಿ, ಒಳಗಿನ ಕಿಟಕಿ ಮುಚ್ಚಿ ತೆರೀತೈತಿಲ್ಲೋ ತಿಳೀತೈತಿ.

ನಿಮ್ಮ ಕ್ಯಾಮೆರಾದ ಸೆನ್ಸರೂ ಹಿಂಗ ನೋಡಿಕೊಳ್ರಿ. ಎಫ್/16 ಇಟ್ಟು ಬಿಳಿ ಗ್ವಾಡಿ ಇಲ್ಲಾ ಆಕಾಶ ತಗೀರಿ. ಕರಿ ಚುಕ್ಕಿ ಕಂಡ್ರ ಧೂಳು ಕೂತೈತಿ ಅಂತ.

ಕಡಲಕರೆ | ನವೆಂಬರ್ 21, ರಾತ್ರಿ 9:00

ಫಂಗಸ್ ಮಾತು ಬಂತಲ್ಲ, ಕರಾವಳಿಯಲ್ಲಿ ಅದೇ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್ ತನಕ ಕ್ಯಾಮೆರಾವನ್ನು ಬ್ಯಾಗಲ್ಲಿ ಇಡಲೇಬೇಡಿ, ಬ್ಯಾಗಿನ ಬಟ್ಟೆಯೇ ತೇವ ಹೀರುತ್ತದೆ. ಗಾಳಿಯಾಡದ ಹಾಗೆ ಮುಚ್ಚುವ ಪ್ಲಾಸ್ಟಿಕ್ ಡಬ್ಬ ತಂದು, ತಳಕ್ಕೆ ನೀಲಿ ಸಿಲಿಕಾ ಜೆಲ್ ಹಾಕಿ. ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿದೆ ಅಂತ. ಸಣ್ಣ ಉರಿಯಲ್ಲಿ ಹಳೇ ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ ಆಗುತ್ತದೆ. ಆ ಬಾಣಲೆಯಲ್ಲಿ ಆಮೇಲೆ ಅಡುಗೆ ಮಾಡಬಾರದು. ಡಬ್ಬದೊಳಗೆ ತೇವ ನೂರಕ್ಕೆ ನಲವತ್ತೈದರ ಆಸುಪಾಸು ಇದ್ದರೆ ಸಾಕು. ನನಗೆ ಒಟ್ಟು ಖರ್ಚು ನಾನೂರು ರೂಪಾಯಿಯೂ ಆಗಲಿಲ್ಲ.

ಸಂಜೆಮಲ್ಲಿಗೆ | ನವೆಂಬರ್ 22, ಮಧ್ಯಾಹ್ನ 3:45

ಶಿರಸಿಯಿಂದ. ನಾನೂ 1500ಡಿಯಲ್ಲಿ ಕಲಿಯುತ್ತಿರುವವಳು, ಎರಡು ವರ್ಷ ಆಯಿತು. ಒಂದು ಉಪಾಯ ಹೇಳಲಾ? ಲೆನ್ಸ್ ಬಂದ ಕೂಡಲೇ ಆಟಕ್ಕೆ ಓಡಬೇಡಿ. ಈಗ ಅಡಿಕೆ ಕೊಯ್ಲು ಶುರುವಾಗಿದೆ. ರಾತ್ರಿ ಅಂಗಳದಲ್ಲಿ ಒಂದು ಬಲ್ಬಿನ ಕೆಳಗೆ ಎಂಟು ಹತ್ತು ಜನ ಮೆಟ್ಟುಗತ್ತಿ ಹಿಡಿದು ಸುಲಿಯಲು ಕೂತಿರುತ್ತಾರೆ. ಕತ್ತಲ ಹಿನ್ನೆಲೆ, ಮೇಲಿಂದ ಬೆಳಕು, ಮುಖ ಹೆಚ್ಚು ಅಲುಗುವುದಿಲ್ಲ, ಕೈ ಮಾತ್ರ ಬಿಡುವಿಲ್ಲದೆ ಓಡುತ್ತಿರುತ್ತದೆ. ನಾನು ಶಟರ್ ಅಂದರೆ ಏನು ಅಂತ ಕಲಿತದ್ದು ನಮ್ಮ ಅತ್ತೆಯ ಕೈ ನೋಡಿ. 1/60ರಲ್ಲಿ ಅಡಿಕೆ ನೆಟ್ಟಗೆ ಇದೆ, ಬೆರಳು ಮಸುಕು. 1/125ರಲ್ಲಿ ಬೆರಳೂ ಬಂತು. 1/250ರಲ್ಲಿ ಕತ್ತಿಯಿಂದ ಚಿಮ್ಮಿದ ಸಿಪ್ಪೆ ಗಾಳಿಯಲ್ಲಿ ನಿಂತಿತ್ತು. ಆದರೆ ಮೂರರಲ್ಲಿ ನನಗೆ ಇಷ್ಟವಾದದ್ದು ಮೊದಲನೆಯದೇ, ಅದರಲ್ಲಿ ಕೆಲಸ ಕಾಣುತ್ತದೆ.

ಶರಾವತಿ_ದಂಡೆ | ಡಿಸೆಂಬರ್ 8, ರಾತ್ರಿ 9:30

ಎಲ್ಲರಿಗೂ ಋಣಿ. ಎಸ್‌ಟಿಎಂ ಸಿಕ್ಕಿತು, ಕುಮಟಾದಲ್ಲಿ ಒಬ್ಬರ ಹತ್ತಿರ, ಐದೂವರೆ ಸಾವಿರ. ಟಾರ್ಚ್ ಬಿಟ್ಟು ಓರೆಯಾಗಿ ನೋಡಿದೆ, ಒಳಗೆ ಶುದ್ಧವಿತ್ತು. ಮಾರುವವರೇ "ನೀವು ಪರೀಕ್ಷೆ ಮಾಡುವುದು ನೋಡಿದರೆ ಬಹಳ ಕಲಿತವರ ಹಾಗಿದೆ" ಅಂದರು. ಉಣಕಲ್ ಅವರ ಹೆಸರು ಹೇಳಿದೆ.

ಹದಿನೈದು ದಿನ ಅಡಿಕೆ ಸುಲಿಯುವಲ್ಲಿ ಕೂತೆ. ಎಫ್/1.8ರಲ್ಲಿ ಒಂದು ಕಣ್ಣು ನಿಚ್ಚಳ, ಇನ್ನೊಂದು ಕಣ್ಣು ಮಸುಕು. ಎಫ್/2.2ಕ್ಕೆ ಇಳಿಸಿದ ಮೇಲೆ ಸರಿಯಾಯಿತು. ಫೋಕಸಿಗೆ ನಡುವಿನ ಬಿಂದು ಒಂದನ್ನೇ ಇಟ್ಟುಕೊಂಡಿದ್ದೇನೆ, ಕತ್ತಲಲ್ಲಿ ಬದಿಯ ಬಿಂದುಗಳು ಹುಡುಕುತ್ತಲೇ ಇರುತ್ತವೆ.

ಶನಿವಾರ ಆಟಕ್ಕೆ ಹೋದೆ. 1/200, ಎಫ್/2.2, ಐಎಸ್ಓ 3200, ರಾ ಫೈಲು (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲು). ನೂರೈವತ್ತು ತೆಗೆದೆ, ಮೂರು ಹಾಕಿದ್ದೇನೆ. ನಿಂತ ವೇಷಗಳು ಬಂದಿವೆ. ಮಂಡಿ (ಮೊಣಕಾಲೂರಿ ಸುತ್ತುವುದು) ತಿರುಗುವಾಗ, ಹಾರುವಾಗ ತೆಗೆದದ್ದು ಒಂದೂ ಇಲ್ಲ. ಬಟನ್ ಒತ್ತಿ ಹಿಡಿದು ಒಂದರ ಹಿಂದೆ ಒಂದು ತೆಗೆದರೂ ಬೇಕಾದ ಕ್ಷಣ ಎರಡು ಫ್ರೇಮಿನ ನಡುವೆ ಜಾರಿಹೋಗುತ್ತದೆ. ಇದು ಕ್ಯಾಮೆರಾದ ಮಿತಿಯೇ?

ಬೆಳಕಿಂಡಿ | ಡಿಸೆಂಬರ್ 9, ಬೆಳಿಗ್ಗೆ 5:50

ಮೂರೂ ನೋಡಿದೆ. ಎರಡನೆಯದು ಚೆನ್ನಾಗಿದೆ, ಚೌಕಿಯಲ್ಲಿ ಕೈಕನ್ನಡಿ ಹಿಡಿದು ತಿಲಕ ತಿದ್ದುವವರದು. ಕನ್ನಡಿಯೊಳಗಿನ ಕಣ್ಣಿಗೆ ಫೋಕಸ್ ಮಾಡಿದ್ದೀರಿ, ಹೊರಗಿನ ಮುಖ ಮಸುಕಾಗಿದೆ. ಬೇಕೆಂದೇ ಮಾಡಿದಿರಾ ತಿಳಿಯದು, ಹಾಗೇ ಇರಲಿ. ಮೊದಲನೆಯದರಲ್ಲಿ ಫೋಕಸ್ ಎದೆಕಟ್ಟಿನ ಮಣಿಗಳ ಮೇಲೆ ಬಿದ್ದಿದೆ. ಹೊಳೆಯುವ ವಸ್ತು ಕ್ಯಾಮೆರಾವನ್ನು ಸೆಳೆಯುತ್ತದೆ, ಬಿಂದುವನ್ನು ಕಣ್ಣಿನ ಮೇಲಿಟ್ಟು ಆಮೇಲೆ ಚೌಕಟ್ಟು ಹೊಂದಿಸಿ. ಕೆಂಪು ಬಣ್ಣ ಒಂದೇ ಮುದ್ದೆಯಾಗಿದೆ, ಮುಂದಿನ ಸಲ ಅರ್ಧ ಸ್ಟಾಪ್ (ಬೆಳಕು ಎರಡರಷ್ಟಾಗುವ ಒಂದು ಮೆಟ್ಟಿಲೇ ಸ್ಟಾಪ್) ಕಡಿಮೆ ಬೆಳಕಿಗೆ ತೆಗೆಯಿರಿ. ರಾ ಫೈಲಿನಲ್ಲಿ ಕತ್ತಲನ್ನು ಎತ್ತಬಹುದು, ಸುಟ್ಟ ಕೆಂಪನ್ನು ಮರಳಿ ತರಲಾಗದು. ತಿದ್ದಲು ಡಾರ್ಕ್‌ಟೇಬಲ್ ಅಥವಾ ಕ್ಯಾನನ್‌ನವರ ಡಿಪಿಪಿ ತಂತ್ರಾಂಶ ಸಾಕು, ಎರಡಕ್ಕೂ ದುಡ್ಡಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. 1300ಡಿ ಸೆಕೆಂಡಿಗೆ ಮೂರು ಫ್ರೇಮ್ ತೆಗೆಯುತ್ತದೆ. 1/200ರ ಮೂರು ಫ್ರೇಮ್ ಸೇರಿಸಿದರೆ ಸೆಕೆಂಡಿನ ನೂರರಲ್ಲಿ ಒಂದೂವರೆ ಪಾಲು. ಉಳಿದ ತೊಂಬತ್ತೆಂಟೂವರೆ ಪಾಲು ಕ್ಯಾಮೆರಾ ಕುರುಡು. ಸೆಕೆಂಡಿಗೆ ಹತ್ತು ಹದಿನೈದು ತೆಗೆಯುವ ಕ್ಯಾಮೆರಾದಲ್ಲೂ ಕಾಣುವ ಪಾಲು ನೂರರಲ್ಲಿ ಏಳೂವರೆ ದಾಟುವುದಿಲ್ಲ. ನಮ್ಮ ಕಾಲದಲ್ಲಿ ರೋಲಿಗೆ 36, ಒತ್ತಿ ಹಿಡಿದರೆ ದುಡ್ಡು ಹೋಗುತ್ತಿತ್ತು. ನೃತ್ಯ ತೆಗೆಯುವಾಗ ನಾನು ಮೃದಂಗ ಕೇಳುತ್ತಿದ್ದೆ, ಕಣ್ಣಿಗಿಂತ ಮುಂಚೆ ಕಿವಿಗೆ ಗೊತ್ತಾಗುತ್ತಿತ್ತು. ಯಕ್ಷಗಾನದ ತಾಳ ನನಗೆ ಬಾರದು. ನಿಮಗೆ ಬರುತ್ತದೆ, ಚಿಕ್ಕಂದಿನಿಂದ ಕೇಳಿದವರು. ಆ ಬಂಡವಾಳಕ್ಕೆ ಎಂಟು ಸಾವಿರದ ಮಿತಿ ಇಲ್ಲ. ಮುಂದಿನ ಆಟದಲ್ಲಿ ಒಂದೊಂದೇ ಒತ್ತಿ, ಇಡೀ ರಾತ್ರಿಗೆ 36 ಮಾತ್ರ.

ಕಡಲಕರೆ | ಡಿಸೆಂಬರ್ 9, ಬೆಳಿಗ್ಗೆ 10:15

ಬೆಳಕಿಂಡಿ ಸರ್ ಹೇಳಿದ್ದು ನೂರಕ್ಕೆ ನೂರು. ಚಂಡೆಯ ಪೆಟ್ಟು ಕೇಳಿದ ಮೇಲೆ ಒತ್ತಿದರೆ ತಡ ಆಯಿತು. ಪೆಟ್ಟು ಬೀಳುವ ಮುಂಚೆ ಒತ್ತಲು ಬರಬೇಕು.

ನಿಮಗೆ ಗುಣವಂತೆ ಹತ್ತಿರವಲ್ಲವಾ? ಅಲ್ಲಿನ ಇಡಗುಂಜಿ ಯಕ್ಷಗಾನ ಮೇಳವನ್ನು ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ್ದು 1934ರಲ್ಲಿ. ಆ ಮೇಳದ ನಾಟ್ಯೋತ್ಸವಕ್ಕೆ ಹೋಗಿ ಕೂತು, ಕ್ಯಾಮೆರಾ ಇಲ್ಲದೆ ಒಂದು ಪ್ರಸಂಗ ಪೂರ್ತಿ ನೋಡಿ. ಹೆಜ್ಜೆ ಎಲ್ಲಿ ನಿಲ್ಲುತ್ತದೆ ಅಂತ ಬರೆದುಕೊಳ್ಳಿ.

ಶರಾವತಿ_ದಂಡೆ | ಜನವರಿ 11, ರಾತ್ರಿ 11:20

ತಡವಾಗಿ ಬರೀತಿದ್ದೇನೆ, ಸಂಘದಲ್ಲಿ ಕೆಲಸ ಜಾಸ್ತಿ ಇತ್ತು.

ಬೆಳಕಿಂಡಿ ಸರ್ ಬರೆದದ್ದನ್ನು ಅಜ್ಜನಿಗೆ ಓದಿ ಹೇಳಿದೆ. ಅವರಿಗೆ ಎಂಬತ್ತೊಂದು, ಈಗ ಕಣ್ಣು ಮಂಜು, ಆಟಕ್ಕೆ ಹೋಗುವುದು ನಿಂತಿದೆ. ಮೊಬೈಲಲ್ಲಿ ಯಕ್ಷಗಾನದ ಹಳೇ ಹಾಡುಗಳನ್ನು ಹಾಕಿ ಕೇಳುತ್ತಾರೆ. ಕೇಳುವಾಗ ಮೊಣಕಾಲ ಮೇಲೆ ಅಂಗೈ ತಟ್ಟುತ್ತಿರುತ್ತಾರೆ, ಬಿಡ್ತಿಗೆ (ಹಾಡಿನ ಭಾಗ ಮುಗಿಸುವ ತಾಳದ ಪೆಟ್ಟುಗಳು) ಬರುವಾಗ ಮಾತ್ರ ಕೈ ಸ್ವಲ್ಪ ಎತ್ತರಕ್ಕೆ ಹೋಗಿ ಒಂದು ಗಳಿಗೆ ನಿಂತು ಬೀಳುತ್ತದೆ. ಇಷ್ಟು ವರ್ಷ ನೋಡಿದ್ದೇನೆ, ಗಮನಿಸಿರಲಿಲ್ಲ. ಮೂರು ವಾರ ರಾತ್ರಿ ಊಟ ಆದ ಮೇಲೆ ಅವರ ಎದುರಿಗೆ ಕ್ಯಾಮೆರಾ ಹಿಡಿದು ಕೂತೆ. ಆ ಕೈ ಎತ್ತರದಲ್ಲಿ ನಿಂತಾಗ ಒತ್ತಬೇಕು. ಮೊದಲ ವಾರ ಪ್ರತಿ ಫೋಟೊದಲ್ಲೂ ಕೈ ಮೊಣಕಾಲ ಮೇಲಿತ್ತು. "ನೀನು ಕಾಯ್ತಾ ಇದ್ದೀಯ, ನನ್ನ ಜೊತೆ ಹೇಳ್ಕೋ" ಅಂದರು. ಬಾಯಲ್ಲಿ ತಾಳ ಹೇಳಿಕೊಳ್ಳಲು ಶುರುಮಾಡಿದ ಮೇಲೆ ಹತ್ತಕ್ಕೆ ಆರು ಸಿಕ್ಕಿತು.

ನಿನ್ನೆ ಆಟದಲ್ಲಿ 36ರ ಲೆಕ್ಕ ಹಿಡಿದೆ. 31 ತೆಗೆದೆ. ನಾಲ್ಕು ಬಂದಿವೆ. ಒಂದರಲ್ಲಿ ವೇಷ ನೆಲ ಬಿಟ್ಟು ಮೇಲಿದೆ, ಗೆಜ್ಜೆಯ ಕಾಲು ಮಡಚಿದೆ, ಕಣ್ಣು ನಿಚ್ಚಳ. ಎಲ್‌ಇಡಿ ಪಟ್ಟಿ ಬಿದ್ದದ್ದರಿಂದ 1/100ಕ್ಕೆ ಇಳಿಸಿದ್ದೆ, ಆದರೂ ನಿಂತಿದೆ. ಕೆಳಗೆ ಹಾಕಿದ್ದೇನೆ.

ಮೊದಲ ದಿನ ನನ್ನ ಫ್ಲ್ಯಾಶಿಗೆ ಮುಖ ತಿರುಗಿಸಿದ್ದ ಕಲಾವಿದರೇ ನಿನ್ನೆಯೂ ಇದ್ದರು. ಚೌಕಿಗೆ ಹೋಗಿ ಕ್ಷಮೆ ಕೇಳಿ, ಕನ್ನಡಿಯ ಫೋಟೊದ ಒಂದು ಪ್ರಿಂಟ್ ಕೊಟ್ಟೆ. ಅದು ಅವರದೇ. ಬಣ್ಣ ಹಚ್ಚುತ್ತಿದ್ದ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಮಂಡಿ ಮುಗಿಸಿ ಎದ್ದ ಮೇಲೆ ಕಾಯಿರಿ, ಬಿಡ್ತಿಗೆಗೆ ನಾವು ಮುಖ ಎದುರಿಗೆ ಕೊಡ್ತೇವೆ" ಅಂದರು.

ಸಂಜೆಮಲ್ಲಿಗೆ | ಜನವರಿ 12, ಬೆಳಿಗ್ಗೆ 7:40

ಆ ಹಾರಿದ ವೇಷದ ಫೋಟೊ ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ಅಜ್ಜನ ಕೈಯ ಫೋಟೊಗಳಿವೆಯಲ್ಲ, ಅವುಗಳನ್ನು ಅಳಿಸಬೇಡಿ. ಒಂದನ್ನಾದರೂ ಇಲ್ಲಿ ಹಾಕಿ.

ಬೆಳಕಿಂಡಿ | ಜನವರಿ 12, ಬೆಳಿಗ್ಗೆ 8:10

ನಾನೂ ಅದನ್ನೇ ಕೇಳಬೇಕೆಂದಿದ್ದೆ. ಉಳಿದ ಎರಡೂವರೆ ಸಾವಿರ ಏನು ಮಾಡುತ್ತೀರಿ?

ಶರಾವತಿ_ದಂಡೆ | ಜನವರಿ 12, ರಾತ್ರಿ 9:05

ಡಬ್ಬ, ಸಿಲಿಕಾ ಜೆಲ್, ಪ್ರಿಂಟು ಸೇರಿ ಎಂಟುನೂರು ಹೋಯಿತು ಸರ್. ಉಳಿದದ್ದು ಶುಕ್ರವಾರ ರಿಕ್ಷಾಕ್ಕೆ. ನಮ್ಮ ಊರಿಂದ ಹನ್ನೆರಡು ಕಿಲೋಮೀಟರ್ ದೂರದಲ್ಲಿ ಆಟ ಇದೆ, ಅಜ್ಜ ಬರ್ತೇನೆ ಅಂದಿದ್ದಾರೆ. ಅವರ ಪಕ್ಕದಲ್ಲೇ ಕೂರುತ್ತೇನೆ. ಈ ಸಲವೂ ಚಾಪೆ ಹೊರುವವನು ನಾನೇ. ಅಜ್ಜನ ಕೈಯ ಫೋಟೊ ಅವರನ್ನು ಕೇಳಿ ನಾಳೆ ಹಾಕುತ್ತೇನೆ.